ಹಲ್ಲಿನ ಡಾಕ್ಟರ ಸಾಲು

"ಸ್ವಲ್ಪ ಸರೀತೀರಾ?" ಎಂದು ಕೇಳಿ ಡಾಕ್ಟರಮ್ಮ ಬೆಂಚಿನ ತುದಿಯಲ್ಲಿ ರೋಗಿಯಂತೆ ಕುಳಿತರು. ಹದಿಹರೆಯದಲ್ಲೇ ಬಸುರಿಯಾದ ಹುಡುಗಿಯರ ತಪಾಸಣೆ ಪ್ರಾಯೋಗಿಕವಾಗಿ ಮೊದಲು ಶುರುವಾದದ್ದು ಈ ಆಸ್ಪತ್ರೆಯಲ್ಲೇ. ಇಲ್ಲಿಗೆ ಹುಡುಗಿಯರು ತಪ್ಪದೆ ಬರುತ್ತಿದ್ದರು. ಅದನ್ನೇ ನೋಡಿ ಪಕ್ಕದ ಪಟ್ಟಣದಲ್ಲಿ, ಈ ಡಾಕ್ಟರಮ್ಮ ಕೆಲಸ ಮಾಡುವ ಆಸ್ಪತ್ರೆಯಲ್ಲೂ, ಅಂಥದೇ ವಿಭಾಗ ತೆರೆದಿದ್ದರು. ಪ್ರತ್ಯೇಕ ಕೋಣೆ, ಹೊಸ ಪರದೆ, ಬಾಗಿಲ ಮೇಲೆ ದೊಡ್ಡ ಬೋರ್ಡು. ಆದರೆ ಅಲ್ಲಿಗೆ ಒಂದು ನರಪಿಳ್ಳೆಯೂ ಬಂದಿರಲಿಲ್ಲ. ಈ ತಿಂಗಳೂ ಹೀಗೇ ಆದರೆ ಬೇರೆ ಊರುಗಳಿಗೆ ವಿಸ್ತರಿಸುವ ಮಾತೇ ಇಲ್ಲವೆಂದು ಮೇಲಿನವರು ಹೇಳಿಯಾಗಿತ್ತು. ಅದಕ್ಕಿಂತ ಹೆಚ್ಚಾಗಿ ಡಾಕ್ಟರಮ್ಮನನ್ನು ಕಾಡುತ್ತಿದ್ದುದು ತಮ್ಮ ಪಟ್ಟಣದ ದರ್ಜಿಯ ಮಗಳು. ತುಂಬಿದ ಬಸುರಿ, ಕಾಲು ಊದಿತ್ತು. ಅವರ ಆಸ್ಪತ್ರೆಯ ಗೇಟಿನವರೆಗೆ ಬಂದು ಹಿಂದಿರುಗಿದ್ದಳು.

"ಇವರಲ್ಲಿ ನಿಮ್ಮ ಹುಡುಗಿಯರು ಯಾರು, ಸಿಸ್ಟರ್?"

ಪಕ್ಕದಲ್ಲಿ ನಿಂತಿದ್ದ ಈ ಆಸ್ಪತ್ರೆಯ ನರ್ಸಮ್ಮ ನಕ್ಕರು. "ನಿಮಗೂ ಗೊತ್ತಾಗ್ಲಿಲ್ವಾ ಮೇಡಂ? ಇದು ಹಲ್ಲಿನ ಡಾಕ್ಟ್ರ ಸಾಲು. ನಮಗೆ ಯಾರೂ ರೂಮು ಕೊಡ್ಲಿಲ್ಲ. ಅವರ ರೂಮಿನಲ್ಲೇ ಒಂದು ಮೂಲೆ ಇಸ್ಕೊಂಡ್ವಿ."

"ಯಾಕೆ ಬಂದೆ ಅಂತ ಯಾರಾದ್ರೂ ಕೇಳಿದ್ರೆ?"

"ಹಲ್ಲು ಅಂತಾರೆ. ಊರಲ್ಲಿ ಯಾರಿಗೆ ಹಲ್ಲು ನೋಯಲ್ಲ ಹೇಳಿ!"

ಡಾಕ್ಟರಮ್ಮನಿಗೆ ತಮ್ಮ ಬಾಗಿಲ ಬೋರ್ಡು ಕಣ್ಣಿಗೆ ಕಟ್ಟಿತು. ಅಕ್ಷರ ಇನ್ನೂ ದಪ್ಪಗಿರಲಿ ಎಂದು ಹೇಳಿ ಬರೆಸಿದವರು ಅವರೇ.

ಮರುದಿನ ತಾವೇ ಸ್ಟೂಲು ಹತ್ತಿ ಅದನ್ನು ಇಳಿಸಿದರು. ಆಮೇಲೆ ತಮ್ಮ ಆಸ್ಪತ್ರೆಯ ಹಲ್ಲಿನ ಡಾಕ್ಟರ ಬಳಿ ಹೋದರು.

"ಅಷ್ಟು ಚಂದದ ರೂಮು ಬಿಟ್ಟು ನನ್ನ ಗೂಡಿಗೆ ಬರ್ತೀರಾ?" ಎಂದರು ಅವರು. "ಇಲ್ಲಿ ಹಲ್ಲು ಕೀಳೋವಾಗ ಜನ ಕಿರುಚ್ತಾರೆ. ನಿಮ್ಮ ಹುಡುಗೀರು ಹೆದರಿ ಇಲ್ಲೇ ಹೆತ್ತುಬಿಟ್ರೆ?"

"ಕೂಸನ್ನ ಎತ್ಕೊಳ್ಳೋಕೆ ನೀವಿದ್ದೀರಲ್ಲ."

ಗೊಣಗುತ್ತಲೇ ಅವರು ಬೀರು ಸರಿಸಿ ಜಾಗ ಮಾಡಿಕೊಟ್ಟರು. ಆಸ್ಪತ್ರೆಯ ಆಯಾ, ರವಿಕೆ ಹೊಲಿಸುವ ನೆಪದಲ್ಲಿ ದರ್ಜಿಯ ಮನೆಗೆ ಹೋಗಿ, ಹುಡುಗಿಯ ಕಿವಿಯಲ್ಲಿ ಹೇಳಬೇಕಾದ್ದನ್ನು ಹೇಳಿ ಬಂದಳು.

ಕೆಲವು ದಿನಗಳ ನಂತರ ಡಾಕ್ಟರಮ್ಮ ಪರದೆ ಸರಿಸಿ ಹೊರಗೆ ಇಣುಕಿದರು. ದರ್ಜಿಯ ಮಗಳು ಸಾಲಿನ ಕೊನೆಯಲ್ಲಿ ಕರವಸ್ತ್ರವನ್ನು ದವಡೆಗೆ ಒತ್ತಿಕೊಂಡು ನಿಂತಿದ್ದಳು. ಬೆಂಚು ಭರ್ತಿಯಾಗಿತ್ತು. ಕೆನ್ನೆ ಊದಿದ ಮುದುಕರೊಬ್ಬರು ಅವಳ ಪಾದಗಳನ್ನು ನೋಡಿದರು, ಮೆಲ್ಲನೆ ಎದ್ದರು.

"ಕೂತ್ಕೊ ಬಾ ಮಗಳೇ. ಕೂತ್ರೆ ನಂಗೆ ನೋವು ಜಾಸ್ತಿ."

"ನಂಗೂ ಹಲ್ಲೇ, ತಾತಾ," ಎಂದಳು ಅವಳು ಗಡಿಬಿಡಿಯಿಂದ.

"ಮತ್ತೇನು, ಹಲ್ಲು ನೋವು ಅಂದ್ರೆ ಸಾಮಾನ್ಯಾನಾ! ಕಾಲು ಸ್ವಲ್ಪ ಮೇಲಿಟ್ಕೊ, ಹಲ್ಲಿಗೆ ಒಳ್ಳೇದು."

ಗೋಡೆ ಬದಿಯ ಮರದ ಪೆಟ್ಟಿಗೆಯನ್ನು ಅವಳ ಪಾದದ ಬಳಿಗೆ ತಳ್ಳಿ, ಮುದುಕರು ಕಿಟಕಿಯ ಕಡೆ ಮುಖ ಮಾಡಿ ನಿಂತರು.