ಮೆಟ್ಟಿಲ ಅಂಚಿನಲ್ಲಿ ಹನ್ನೆರಡು ವಾರ

ಕ್ರೀಟ್ ದ್ವೀಪದ ನಮ್ಮೂರಿನ ಮದುವೆಗಳಲ್ಲಿ ಕುಣಿತದ ಸಾಲಿಗೆ ನನ್ನ ಗಂಡ ಮನೂಸೋಸ್ ಅವರೇ ಮುಂದಾಳು. ಐವತ್ನಾಲ್ಕನೇ ವಯಸ್ಸಿನಲ್ಲಿ ಅವರ ಬಲ ಹಿಮ್ಮಡಿಯ ಸ್ನಾಯುರಜ್ಜು ಊದಿಕೊಂಡಿತು. ಬೆಳಿಗ್ಗೆ ಎದ್ದರೆ ಗೋಡೆ ಹಿಡಿದೇ ನಡೆಯಬೇಕು. ಎಂಟು ತಿಂಗಳು ವಿಶ್ರಾಂತಿ ಪಡೆದರೂ ನೋವು ಹೋಗಲಿಲ್ಲ. "ಆಪರೇಷನ್ ಮಾಡಿಸ್ಕೊಂಡ್ಬಿಡ್ತೀನಿ ಕಣೇ" ಎಂದು ಅವರು ಕೈಚೆಲ್ಲಿದಾಗ, ನಾನು ಪಕ್ಕದ ಮನೆಯ ಫಿಸಿಯೋಥೆರಪಿಸ್ಟ್ ಆರ್ಗಿರೋಳ ಬಳಿಗೆ ಎಳೆದುಕೊಂಡು ಹೋದೆ.

ಅವಳು ಒತ್ತಿ ನೋಡಿದಳು. "ಹರಿದಿಲ್ಲ ಮಾವ, ಕೂತೂ ಕೂತೂ ಬಲ ಕಳ್ಕೊಂಡಿದೆ. ಮೆಟ್ಟಿಲ ಅಂಚಲ್ಲಿ ನಿಂತು ಎರಡೂ ಕಾಲಲ್ಲಿ ತುದಿಬೆರಳ ಮೇಲೇಳಿ, ಆಮೇಲೆ ನೋವಿರೋ ಕಾಲೊಂದರಲ್ಲೇ ನಿಂತು ನಿಧಾನಕ್ಕೆ ಹಿಮ್ಮಡಿನ ಮೆಟ್ಟಿಲಿಗಿಂತ ಕೆಳಕ್ಕೆ ಇಳಿಸಿ. ದಿನಾ ಎರಡು ಹೊತ್ತು, ಹನ್ನೆರಡು ವಾರ. ಸ್ವಲ್ಪ ನೋವಾದ್ರೆ ಹೆದರ್ಬೇಡಿ."

ಇವರು ನಮ್ಮ ಮನೆಯ ಮೆಟ್ಟಿಲ ಮೇಲೆ ನಿಂತರೆ ಸಾಕು, ಎದುರಿನ ಕಾಫಿ ಅಂಗಡಿಯಿಂದ ಗೆಳೆಯ ಸಿಫಿಸ್, "ಹತ್ತೋದೋ ಇಳಿಯೋದೋ, ಒಂದು ತೀರ್ಮಾನ ಮಾಡೋ ಮಾರಾಯ!" ಎಂದು ರೇಗಿಸುತ್ತಿದ್ದ. ಇವರು ಒಂದು ದಿನವೂ ತಪ್ಪಿಸಲಿಲ್ಲ. ನೋವು ತಗ್ಗಿದಂತೆ, ಕಾಲಿನ ಮೇಲೆ ಭಾರ ಹೆಚ್ಚಿಸಲು ಬೆನ್ನಿಗೆ ಕಲ್ಲಿನ ಚೀಲ ಏರಿಸಿಕೊಂಡರು.

ಮೇ ತಿಂಗಳಲ್ಲಿ ಸಿಫಿಸ್‌ನ ಮಗಳ ಮದುವೆಯಾಯಿತು. ವಾದ್ಯ ಬಿರುಸಾಗುತ್ತಲೇ ನನ್ನ ಗಂಡ ಸಾಲಿನ ಮುಂದೆ ಜಿಗಿದು, ಬಲಗಾಲಿನ ಮೇಲೇ ಇಳಿದು, ಮತ್ತೆ ಜಿಗಿದರು. ಗಂಡಿನ ಕಡೆಯ ಹೆಂಗಸೊಬ್ಬಳು "ಯಾರ್ರೀ ಅದು?" ಎಂದು ಕೇಳಿದಳು.

"ನಮ್ಮನೆಯವರು" ಎಂದೆ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ.