ದೊರೆಯ ಮೈಮೇಲೆ ಹೊಲಿದ ಕೋಟು

ಹಾಸಿಗೆ ಗೋದಾಮಿನ ತಗಡಿನ ಸೂರಿನಡಿ ಹಿಮ ಬೀಳುತ್ತಿತ್ತು. ಹೊರಗೆ ರಸ್ತೆಯ ಟಾರು ಚಪ್ಪಲಿಗೆ ಅಂಟುವಂಥ ಬಿಸಿಲು. ಒಳಗೆ ಮೇಲಿಂದ ಉದುರುತ್ತಿದ್ದುದು ಸಾಬೂನಿನ ನೊರೆ. ಕಿಟಕಿಯಂಚಿಗೆ ಕೂತದ್ದು ಹಳೆ ಹಾಸಿಗೆ ಸೀಳಿ ತೆಗೆದ ಹತ್ತಿ. ನೆಲಕ್ಕೆ ಹಾಸಿದ್ದು ಮೂಟೆಗಟ್ಟಲೆ ಉಪ್ಪು. ಗಾಳಿಯಾಡಿದರೆ ನೊರೆ ಚೆದುರುತ್ತದೆ ಅಂತ ಫ್ಯಾನು ಬಂದ್, ಬಾಗಿಲೂ ಬಂದ್. ದೊಡ್ಡ ದೀಪಗಳು ಮಾತ್ರ ಧಗಧಗ ಉರಿಯುತ್ತಿದ್ದವು. ಆ ಕುಲುಮೆಯೊಳಗೆ ನಿಂತು, ಬೆವರು ಒರೆಸಿಕೊಳ್ಳುತ್ತ, ನಾವು ಕ್ರಿಸ್‌ಮಸ್ ಸಿನಿಮಾ ತೆಗೆಯುತ್ತಿದ್ದೆವು.

ನಾನು ಅಲ್ಲಿ ದರ್ಜಿ. ಮನುಷ್ಯರಿಗಲ್ಲ, ನಾಯಿಗೆ. ಮನುಷ್ಯ ನಟರು ಮನೆಯಿಂದ ತಮ್ಮದೇ ಬಟ್ಟೆ ಹಾಕಿಕೊಂಡು ಬರಬೇಕು ಅನ್ನುವುದು ಕಂಪನಿಯ ಕಾನೂನು. ನಾಯಿಗೆ ಮನೆಯಲ್ಲಿ ಬಟ್ಟೆ ಇರುವುದಿಲ್ಲವಲ್ಲ, ಅದಕ್ಕೇ ನನಗೆ ಕೆಲಸ.

ನಾಯಿ ನನ್ನ ಅಕ್ಕನದು. ಬೀದಿಯಲ್ಲಿ ಸಿಕ್ಕ ಮರಿ. ಹೆಸರು ದೊರೆ. ಭಾವ ಹೋದ ಮೇಲೆ ಅಕ್ಕ ಅದಕ್ಕೆ ಕೂರು, ನಿಲ್ಲು, ಕೈ ಕೊಡು ಎಂದೆಲ್ಲ ಕಲಿಸಿ, ಮಕ್ಕಳ ಹುಟ್ಟುಹಬ್ಬದ ಪಾರ್ಟಿಗಳಲ್ಲಿ ಆಟ ತೋರಿಸಿ ಹೊಟ್ಟೆ ಹೊರೆಯುತ್ತಿದ್ದಳು. ಅಲ್ಲೇ ಧಣಿಯ ಕಣ್ಣಿಗೆ ಬಿದ್ದದ್ದು. ಧಣಿ ಅಂದರೆ ಕಂಪನಿಯ ಮಾಲೀಕ. ಕತೆ ಅವನದೇ, ನಿರ್ದೇಶನ ಅವನದೇ, ಕೊನೆಗೆ ನಾಯಿಯ ದನಿಯೂ ಅವನದೇ. ಬೇರೆಯವರನ್ನು ಕರೆದರೆ ಖರ್ಚಲ್ಲವೇ?

ನಮ್ಮ ಕಂಪನಿ ತೆಗೆಯುತ್ತಿದ್ದುದು ಒಂದೇ ಥರದ ಸಿನಿಮಾ. ಹಬ್ಬದ ಹೊತ್ತಿಗೆ ಮನೆಮಂದಿಯೆಲ್ಲ ಕೂತು ನಗಲಿ ಅಂತ ಮಾಡುವ ಚಿತ್ರ. ಅಪ್ಪನಿಗೆ ಆಫೀಸೇ ಸರ್ವಸ್ವ. ಅಮ್ಮನಿಗೆ ಬೇಸರ. ಮಗು ಒಂಟಿ. ಒಂದು ನಾಯಿ ಬರುತ್ತದೆ, ಬಾಯಿಬಿಟ್ಟು ಮಾತಾಡುತ್ತದೆ, ಕೇಕಿನ ಮೇಲೆ ಬೀಳುತ್ತದೆ, ಕಳ್ಳರ ಚಡ್ಡಿ ಹರಿಯುತ್ತದೆ, ಕ್ರಿಸ್‌ಮಸ್ ತಾತನ ಗಡ್ಡ ಎಳೆಯುತ್ತದೆ. ಕೊನೆಗೆ ಅಪ್ಪನಿಗೆ ಬುದ್ಧಿ ಹೇಳುತ್ತದೆ. ಅಪ್ಪ ಅಳುತ್ತಾನೆ. ಹಿಮ ಬೀಳುತ್ತದೆ. ಮುಗಿಯಿತು. ಮುಂದಿನ ವರ್ಷವೂ ಇದೇ ಕತೆ, ಸೋಫಾದ ಬಣ್ಣ ಮಾತ್ರ ಬೇರೆ. ನೋಡಿದರೆ ಹೊಟ್ಟೆ ತೊಳಸುತ್ತದೆ. ತೆಗೆಯುವುದನ್ನು ನೋಡಿದವರಿಗಂತೂ ಅನ್ನ ಸೇರುವುದಿಲ್ಲ.

ನಾಯಿ ಹೇಗೆ ಮಾತಾಡುತ್ತದೆ ಗೊತ್ತೇ? ಕಾಸಿದ್ದವರು ಕಂಪ್ಯೂಟರಿನಲ್ಲಿ ಬಾಯಿ ಆಡಿಸುತ್ತಾರೆ. ನಮ್ಮ ಧಣಿಯ ದಾರಿ ಬೇರೆ. ಕಡಲೆಬೀಜ ಅರೆದು ಮಾಡಿದ ಅಂಟು ಪೇಸ್ಟನ್ನು ನಾಯಿಯ ಅಂಗುಳಕ್ಕೆ ಮೆತ್ತುವುದು. ಅದನ್ನು ಬಿಡಿಸಿಕೊಳ್ಳಲು ನಾಯಿ ಬಾಯಿ ತೆರೆದು ಮುಚ್ಚಿ ಒದ್ದಾಡುತ್ತದೆ. ಕ್ಯಾಮೆರಾ ಆ ಒದ್ದಾಟವನ್ನು ಹಿಡಿಯುತ್ತದೆ. ಆಮೇಲೆ ಧಣಿ ಮೈಕಿನ ಮುಂದೆ ಕೂತು, ಮೂಗಿನಿಂದ ಮಗುವಿನಂಥ ದನಿ ತೆಗೆದು, ಅದರ ಮೇಲೆ ತನ್ನ ಮಾತು ಅಂಟಿಸುತ್ತಾನೆ. ಹೊಟ್ಟೆ ತುಂಬಿದ ನಾಯಿ ಪೇಸ್ಟು ಬೇಡ ಅಂತ ಮುಖ ತಿರುಗಿಸುತ್ತದೆ, ಅದಕ್ಕೇ ಬೆಳಗಿನಿಂದ ಉಪವಾಸ. ನೀರು ಕುಡಿದರೆ ಪೇಸ್ಟು ತೊಳೆದುಹೋಗುತ್ತದೆ, ಅದಕ್ಕೇ ನೀರೂ ಇಲ್ಲ.

ನನ್ನ ಪಾಲಿನ ಕೆಲಸ ಕೋಟು. ಕೆಂಪು ಉಣ್ಣೆ, ಅಂಚಿಗೆ ಬಿಳಿ ತುಪ್ಪಳ, ಕುತ್ತಿಗೆಗೆ ಗಂಟೆ. ಜಿಪ್ಪೋ ಗುಂಡಿಯೋ ಇಟ್ಟರೆ ಹತ್ತಿರದ ಶಾಟಿನಲ್ಲಿ ಕಾಣುತ್ತದೆ, ಇಡದಿದ್ದರೆ ಕೋಟು ಜಾರುತ್ತದೆ. ಧಣಿ ಕಂಡುಹಿಡಿದ ಉಪಾಯವೆಂದರೆ ನಾಯಿಯ ಮೈಮೇಲೇ ಹೊಲಿದುಬಿಡುವುದು. ಬೆಳಿಗ್ಗೆ ದೊರೆ ಅಂಗಾತ ಮಲಗಿ ಹೊಟ್ಟೆ ತೋರಿಸುತ್ತಿದ್ದ. ನಾನು ಬಟ್ಟೆಗೂ ಚರ್ಮಕ್ಕೂ ನಡುವೆ ಬೆರಳಿಟ್ಟು ಕೈಸೂಜಿಯಲ್ಲಿ ಹೊಲಿಯುತ್ತಿದ್ದೆ. ಸೂಜಿ ನನ್ನ ಬೆರಳಿಗೆ ಚುಚ್ಚಿದರೆ ಅವನೇ ನೆಕ್ಕುತ್ತಿದ್ದ. ಶೂಟಿಂಗ್ ಮುಗಿದ ಮೇಲೆ ಕತ್ತರಿಯಿಂದ ಬಿಡಿಸುವುದು. ಅಲ್ಲಿಯವರೆಗೆ ಬಿಚ್ಚುವ ಹಾಗಿಲ್ಲ.

ಕೊನೆಯ ದಿನ ಬಂತು. ಬಾಕಿ ಇದ್ದುದು ನಾಯಿ ಅಪ್ಪನಿಗೆ ಬುದ್ಧಿ ಹೇಳುವ ಶಾಟು. ಉದ್ದನೆಯ ಮಾತು. ಸಂಜೆಯೊಳಗೆ ಗೋದಾಮು ಬಿಟ್ಟುಕೊಡಬೇಕು, ಹಾಸಿಗೆ ಲಾರಿ ಬರುತ್ತದೆ ಅಂತ ಧಣಿ ಬೆಳಗಿನಿಂದ ಕುಣಿಯುತ್ತಿದ್ದ. ಮಧ್ಯಾಹ್ನಕ್ಕೆ ದೊರೆಯ ನಾಲಿಗೆ ಹೊರಗೆ ಬಿದ್ದಿತ್ತು. ಉಪ್ಪು ಕಚ್ಚಿದ ಪಾದ ನೆಕ್ಕುವುದು, ನೆಕ್ಕಿದ್ದಕ್ಕೆ ಬಾಯಾರುವುದು, ಅದೇ ನಡೆದಿತ್ತು. ಅಕ್ಕ ಧಣಿಯ ಕುರ್ಚಿಯ ಹತ್ತಿರ ಹೋದಳು.

"ಸಾರ್, ಒಂಚೂರು ನೀರು ಕುಡಿಸ್ತೀನಿ. ಕೋಟು ಬಿಚ್ಚಿ ನೆರಳಲ್ಲಿ ಮಲಗಿಸಿ ಕರ್ಕೊಂಬರ್ತೀನಿ."

"ಏನಮ್ಮಾ, ಸಿನಿಮಾ ಅಂದ್ರೆ ಮಕ್ಕಳಾಟಾನಾ? ಬಿಚ್ಚಿದ್ರೆ ಮತ್ತೆ ಹೊಲಿಯೋಕೆ ಎಷ್ಟು ಹೊತ್ತು? ಲಾರಿಯವನಿಗೆ ನೀನು ಉತ್ತರ ಕೊಡ್ತೀಯಾ?"

"ಅವನ ಕಣ್ಣು ನೋಡಿ ಸಾರ್. ಸುಸ್ತಾಗಿಬಿಟ್ಟಿದಾನೆ."

"ಸುಸ್ತಾದ ಕಣ್ಣೇ ಬೇಕು ಈ ಸೀನಿಗೆ. ಪ್ರೀತಿ ತುಂಬ್ಕೊಂಡಿರೋ ಹಾಗೆ ಕಾಣುತ್ತೆ."

ದೀಪ ನೋಡಿಕೊಳ್ಳುವವನನ್ನು ನಾವೆಲ್ಲ ಬಲ್ಬಣ್ಣ ಅನ್ನುತ್ತಿದ್ದೆವು. ಏಣಿಯ ಮೇಲಿಂದ ಅವನು ಬಾಯಿ ಹಾಕಿದ. "ಸಾರ್, ಬೇಕಾದ್ರೆ ಒಂದು ಲೈಟ್ ಆರಿಸ್ತೀನಿ. ಸೆಕೆ ಸ್ವಲ್ಪ ಕಮ್ಮಿ ಆಗುತ್ತೆ."

"ನಿನ್ನನ್ನ ಯಾರಯ್ಯಾ ಕೇಳಿದ್ರು? ಇಳಿದು ಮನೆ ಕಡೆ ಹೊರಡ್ತೀಯಾ?"

ಬಲ್ಬಣ್ಣ ಬಾಯಿಗೆ ಬೀಗ ಹಾಕಿಕೊಂಡ. ನಾವೆಲ್ಲರೂ ಹಾಕಿಕೊಂಡೆವು. ಅಕ್ಕ ಒಬ್ಬಳೇ ಜಗ್ಗಲಿಲ್ಲ.

"ಹಾಗಾದ್ರೆ ನಾನು ಕರ್ಕೊಂಡು ಹೋಗ್ತೀನಿ ಸಾರ್."

ಧಣಿಯ ದನಿ ತಟ್ಟನೆ ಬೆಣ್ಣೆಯಾಯಿತು. "ನೋಡಮ್ಮಾ, ನಾವೆಲ್ಲ ಒಂದೇ ಮನೆಯವರಿದ್ದ ಹಾಗೆ. ಮನೆಯವರು ನಡುನೀರಲ್ಲಿ ಕೈ ಬಿಡ್ತಾರಾ? ಇದೊಂದೇ ಶಾಟು. ಈಗ ಹೊರಟ್ಯೋ, ನಿನ್ನ ನಾಯೀನ ಇನ್ನು ಯಾವನೂ ಕರೀಬಾರ್ದು, ಹಾಗೆ ಮಾಡ್ತೀನಿ."

ಒಂದೇ ಉಸಿರಿನಲ್ಲಿ ಸಕ್ಕರೆಯೂ ಚೂರಿಯೂ. ಅಕ್ಕ ನನ್ನ ಮುಖ ನೋಡಿದಳು. ಬೆರಳಿನಿಂದ ದೊರೆಯ ಬಾಯಿಗೆ ಪೇಸ್ಟು ಮೆತ್ತಿದಳು.

ಕ್ಯಾಮೆರಾ ಶುರುವಾಯಿತು. ಶಾಟಿನ ಉದ್ದ ಅಂದಾಜಿಗೆ ಸಿಗಲಿ ಅಂತ ಧಣಿ ಹಿಂದೆ ನಿಂತು ಮೂಗಿನ ದನಿಯಲ್ಲಿ ಓದತೊಡಗಿದ. "ಅಪ್ಪಾ, ಹಬ್ಬ ಅಂದ್ರೆ ಉಡುಗೊರೆ ಅಲ್ಲ. ಹಬ್ಬ ಅಂದ್ರೆ ನಮ್ಮವರನ್ನ ನೋಡ್ಕೊಳ್ಳೋದು. ನಿನಗೋಸ್ಕರ ಬದುಕೋರ ಮುಖಾನ ಒಂದ್ಸಲ ನೋಡಪ್ಪಾ..." ಹೇಳುತ್ತ ಹೇಳುತ್ತ ಅವನು ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡ. ನಾಟಕವಲ್ಲ, ನಿಜವಾಗಿ ಅತ್ತ. ತನ್ನ ಮಾತಿಗೆ ತಾನೇ ಸುರಿಸಿದ ಆ ಕಣ್ಣೀರಿನಷ್ಟು ಹೇಸಿಗೆಯದನ್ನು ನಾನು ನನ್ನ ಜನ್ಮದಲ್ಲಿ ಕಂಡಿಲ್ಲ.

ದೊರೆ ಬಾಯಾಡಿಸುತ್ತಲೇ ಇದ್ದ. ಆಮೇಲೆ ನಿಧಾನವಾಯಿತು. ಮುಂಗಾಲು ನಡುಗಿದವು. ಸೋಫಾದಿಂದ ಪಕ್ಕಕ್ಕೆ ಉರುಳಿ, ಕೇಕಿಟ್ಟ ಮೇಜಿಗೆ ತಾಗಿ, ಉಪ್ಪಿನ ಮೇಲೆ ಅಂಗಾತ ಬಿದ್ದ.

ಅಕ್ಕ ಚೀರಿದಳು.

"ಶ್! ಯಾರೂ ಫ್ರೇಮಿಗೆ ಬರಬೇಡಿ!" ಧಣಿ ಕೈ ಅಡ್ಡ ಹಿಡಿದ. "ಕ್ಯಾಮೆರಾ ನಡೀಲಿ, ನಡೀಲಿ. ಎಂಥಾ ಬೀಳೋದು ಬಿತ್ತು ನೋಡ್ರಯ್ಯಾ! ಹೇಳಿಕೊಟ್ರೂ ಬರಲ್ಲ!"

ನಾನು ಅವನ ಕೈ ತಳ್ಳಿ ಕತ್ತರಿ ಹಿಡಿದು ಓಡಿದೆ. ಕುತ್ತಿಗೆಯಿಂದ ಹೊಟ್ಟೆಯವರೆಗೆ ಕೋಟು ಸೀಳಿದೆ. ಒಳಗಿನ ಬಿಸಿ ನನ್ನ ಮುಖಕ್ಕೆ ಬಡಿಯಿತು. ಅಕ್ಕ ದೊರೆಯನ್ನು ಎತ್ತಿಕೊಂಡು ಹೊರಗಿನ ನಲ್ಲಿಯತ್ತ ಓಡಿದಳು. ಬಾಯಿಗೆ ಬಿಟ್ಟ ನೀರು ಹಾಗೇ ಹೊರಗೆ ಹರಿಯಿತು. ಅಂಗುಳದ ಪೇಸ್ಟನ್ನು ಅಕ್ಕ ಉಗುರಿನಿಂದ ಕೆರೆದು ಕೆರೆದು ತೆಗೆದಳು, ಅದೊಂದು ಬಿಟ್ಟರೆ ಉಸಿರು ಬರುತ್ತದೇನೋ ಅನ್ನುವ ಹಾಗೆ. ಉಸಿರು ಬರಲಿಲ್ಲ.

ಧಣಿ ಬಾಗಿಲಲ್ಲಿ ನಿಂತು ನೋಡಿದ. "ವಯಸ್ಸಾಗಿತ್ತೇನೋ, ಪಾಪ" ಅಂದ. ಆಮೇಲೆ ನನ್ನತ್ತ ತಿರುಗಿದ. "ಕೋಟು ಯಾಕೋ ಸೀಳಿದೆ? ಮುಂದಿನ ಸಿನಿಮಾಕ್ಕೆ ಆಗ್ತಿತ್ತಲ್ಲೋ."

ನಾನು ಆ ಕೋಟನ್ನು ಅವನಿಗೆ ಕೊಡಲಿಲ್ಲ. ಬಗಲಿಗೆ ಸಿಕ್ಕಿಸಿಕೊಂಡು ಅಕ್ಕನ ಹಿಂದೆ ನಡೆದುಬಿಟ್ಟೆ.

ಹಬ್ಬ ಹತ್ತಿರವಾದಾಗ ಅಕ್ಕನಿಗೆ ಧಣಿಯ ಫೋನು ಬಂತು. ನಾನು ಪಕ್ಕದಲ್ಲೇ ಇದ್ದೆ.

"ಚೆನ್ನಾಗಿದೀಯಾ ಅಮ್ಮಾ? ಭಾನುವಾರ ಬೆಳಿಗ್ಗೆ ಮಕ್ಕಳಿಗೆ ಪುಕ್ಕಟೆ ಷೋ ಇಟ್ಟಿದೀನಿ. ಅವರು ನಗೋದನ್ನ ಶೂಟ್ ಮಾಡಿ ಜಾಹೀರಾತಿಗೆ ಹಾಕ್ತೀವಿ. ನೀನು ನಾಯಿ ಕರ್ಕೊಂಡು ಸ್ಟೇಜಿಗೆ ಬರಬೇಕು."

"ಸಾರ್, ದೊರೆ ಸತ್ತಿದಾನೆ."

"ಗೊತ್ತಮ್ಮಾ, ಗೊತ್ತು. ಅದೇ ಬಣ್ಣದ್ದು ಯಾವುದಾದ್ರೂ ತಗೊಂಬಾ. ಮಕ್ಕಳಿಗೆ ಏನ್ ಗೊತ್ತಾಗುತ್ತೆ?"

ಅಕ್ಕ "ಬರ್ತೀನಿ ಸಾರ್" ಅಂದಳು.

"ಅಕ್ಕಾ, ನಿನಗೇನು ತಲೆ ಕೆಟ್ಟಿದೆಯಾ?" ನಾನು ರೇಗಿದೆ. "ಆ ಮನುಷ್ಯನ ಮುಖ ನೋಡೋಕೆ ಹೋಗ್ತೀಯಾ?"

"ಮಕ್ಕಳಿಗೆ ಒಂದು ಮಾತು ಹೇಳೋದಿದೆ ಕಣೋ. ಆ ಕೋಟು ತೆಗೆದುಕೊಡು."

ಥಿಯೇಟರಿನ ತುಂಬ ಮಕ್ಕಳು. ಕೆಲಸ ಮಾಡಿದ ನಾವು ಹಿಂದಿನ ಸಾಲಿನಲ್ಲಿ. ಸ್ಟೇಜಿನ ಪಕ್ಕ ಕ್ಯಾಮೆರಾದವನು, ಮಕ್ಕಳ ಮುಖಕ್ಕೆ ಕ್ಯಾಮೆರಾ ಇಟ್ಟುಕೊಂಡು. ದೊರೆ ಪರದೆಯ ಮೇಲೆ ಬಂದಾಗಲೆಲ್ಲ ಮಕ್ಕಳು ಕೇಕೆ ಹಾಕುತ್ತಿದ್ದರು. ನಾನು ಅರ್ಧ ಕಣ್ಣು ಮುಚ್ಚಿಕೊಂಡು ಕೂತಿದ್ದೆ. ಅಪ್ಪನಿಗೆ ಬುದ್ಧಿ ಹೇಳುವ ಶಾಟು ಬಂತು. ದೊರೆ ಬೀಳುವುದಕ್ಕೆ ಮೊದಲೇ ಅದು ಮುಗಿಯುತ್ತದೆ ಅಂದುಕೊಂಡಿದ್ದೆ. ಮುಗಿಯಲಿಲ್ಲ. ದೊರೆ ಉರುಳಿದ, ಮೇಜಿಗೆ ತಾಗಿ ಬಿದ್ದ. ಅವನ ಬಾಯಿಂದ ಧಣಿಯ ದನಿ ಬಂತು.

"ಅಯ್ಯಯ್ಯಪ್ಪಾ! ಕೇಕೆಲ್ಲ ನಾನೇ ತಿಂದುಬಿಟ್ಟೆ! ಹೊಟ್ಟೆ ಬಿರೀತಿದೆ, ಯಾರಾದ್ರೂ ಎತ್ಕೊಳ್ರಪ್ಪೋ!"

ಉಪವಾಸವಿದ್ದ ನಾಯಿಯ ಬಾಯಲ್ಲಿ ಈ ಮಾತು. ಅಷ್ಟಕ್ಕೂ ಬಿಡಲಿಲ್ಲ. ಚಿತ್ರವನ್ನು ಹಿಂದಕ್ಕೆ ಓಡಿಸಿ, ಬಿದ್ದವನನ್ನು ಎಬ್ಬಿಸಿ ಮತ್ತೆ ಬೀಳಿಸಿದರು. ಇನ್ನೊಮ್ಮೆ ಎಬ್ಬಿಸಿ ಇನ್ನೊಮ್ಮೆ ಬೀಳಿಸಿದರು. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವುಗಳ ತಪ್ಪೇನಿದೆ?

ದೀಪ ಹತ್ತಿತು. ಧಣಿ ಮೈಕು ಹಿಡಿದು ಸ್ಟೇಜಿಗೆ ಹತ್ತಿದ. "ಈಗ ಬರ್ತಾನೆ ನೋಡಿ, ನಿಮ್ಮ ಮಾತಾಡೋ ಹೀರೋ!"

ಅಕ್ಕ ಮೆಟ್ಟಿಲು ಹತ್ತಿದಳು. ಕೈಯಲ್ಲಿ ಬರೀ ಕೋಟು. ಧಣಿ ಮೈಕಿಗೆ ಅಂಗೈ ಅಡ್ಡ ಹಿಡಿದು ಹಲ್ಲು ಕಡಿದ. "ನಾಯಿ ಎಲ್ಲಮ್ಮಾ?"

ಅಕ್ಕ ಅವನ ಕಡೆ ತಿರುಗಲೂ ಇಲ್ಲ. ಕೋಟನ್ನು ಎತ್ತಿ ಹಿಡಿದಳು. ಅವಳಿಗೆ ಮೈಕೂ ಬೇಕಾಗಲಿಲ್ಲ.

"ಮಕ್ಕಳೇ, ನಮ್ಮ ನಾಯಿ ಹೆಸರು ದೊರೆ. ಈಗ ಬಿದ್ದನಲ್ಲ, ಅದು ಆಟ ಅಲ್ಲ. ಅವನು ಕೇಕು ತಿಂದಿರಲಿಲ್ಲ. ಏನೂ ತಿಂದಿರಲಿಲ್ಲ. ಆ ಸೆಕೆಯಲ್ಲಿ ಉಣ್ಣೆ ಕೋಟು ಹೊಲಿದು ಹಾಕಿ, ನೀರು ಕೊಡಬೇಡ ಅಂದ್ರು. ಹಾಗೇ ಬಿದ್ದು ಸತ್ತುಹೋದ. ಅವನು ಸಾಯೋದನ್ನ ನಿಮಗೆ ಮತ್ತೆ ಮತ್ತೆ ತೋರಿಸಿ ನಗಿಸಿದ್ರು."

ಧಣಿ ಮಕ್ಕಳನ್ನು ರಮಿಸುವ ಆತುರದಲ್ಲಿ ಅದೇ ಮೂಗಿನ ದನಿ ತೆಗೆದ. "ಇಲ್ಲ ಇಲ್ಲ ಪುಟಾಣಿಗಳೇ! ಆಂಟಿ ತಮಾಷೆ ಮಾಡ್ತಿದಾರೆ. ನಾಯಿ ಮನೇಲಿ ಆರಾಮಾಗಿ ನಿದ್ದೆ ಹೊಡೀತಿದೆ!"

ಮುಂದಿನ ಸಾಲಿನಲ್ಲಿ ಹಲ್ಲು ಬಿದ್ದ ಒಬ್ಬಳು ಹುಡುಗಿ ಎದ್ದು ನಿಂತಳು. "ಅಂಕಲ್, ನಾಯಿ ಥರ ಮಾತಾಡಿದ್ದು ನೀವೇನಾ?"

ಧಣಿ ಹಲ್ಲು ಗಿಂಜಿದ.

"ಹಾಗಾದ್ರೆ ನಾಯಿ ಏನೂ ಹೇಳೇ ಇಲ್ವಾ?" ಅಂದಳು. ಆಮೇಲೆ, "ನಾಯಿ ತೋರಿಸಿ."

ಪಕ್ಕದವನೂ ಎದ್ದ. "ಹೌದು, ತೋರಿಸಿ." ಇನ್ನೊಂದು ಮಗು ಅಳತೊಡಗಿತು. ನೋಡನೋಡುತ್ತ ಇಡೀ ಥಿಯೇಟರು ಕೂಗತೊಡಗಿತು. "ನಾಯಿ ತೋರಿಸಿ! ನಾಯಿ ತೋರಿಸಿ!"

ಹಿಂದಿನ ಸಾಲಿನಲ್ಲಿ ಬಲ್ಬಣ್ಣ ಎದ್ದು ನಿಂತ. "ಆ ಹೆಣ್ಣುಮಗಳು ಹೇಳ್ತಿರೋದು ನಿಜ! ನಾನು ಏಣಿ ಮೇಲಿದ್ದೆ, ಕಣ್ಣಾರೆ ನೋಡಿದೀನಿ!"

"ಕೋಟು ಹೊಲಿದವನು ನಾನು" ಅಂತ ನಾನೂ ಎದ್ದೆ. ನೊರೆ ಸುರಿಸುತ್ತಿದ್ದವನು ಎದ್ದ. ಉಪ್ಪು ಹಾಸಿದ ಹೆಂಗಸರು ಎದ್ದರು. ಗೋದಾಮಿನಲ್ಲಿ ನುಂಗಿಕೊಂಡಿದ್ದ ಮಾತುಗಳೆಲ್ಲ ಒಟ್ಟಿಗೆ ಹೊರಬಿದ್ದವು.

ಧಣಿಯ ಮುಖ ಬಿಳುಚಿತು. ಅವನ ಕಣ್ಣು ಕ್ಯಾಮೆರಾದ ಮೇಲೆ ಬಿತ್ತು. "ಆರಿಸೋ! ಆರಿಸೋ ಅದನ್ನ!"

ಅವತ್ತು ಗೋದಾಮಿನಲ್ಲಿ ನಡೀಲಿ ಅಂದಾಗ ನಡೆಸಿದವನು ಇದೇ ಕ್ಯಾಮೆರಾದವನು. ಅವನು ಆರಿಸಲಿಲ್ಲ. ಮಕ್ಕಳ ಕಡೆಗಿದ್ದ ಕ್ಯಾಮೆರಾವನ್ನು ನಿಧಾನವಾಗಿ ತಿರುಗಿಸಿ ಧಣಿಯ ಮುಖಕ್ಕೆ ಹಿಡಿದ.

"ನಡೀತಿದೆ ಸಾರ್" ಅಂದ. "ಮಕ್ಕಳು ಕೇಳ್ತಿದಾರೆ. ಹೇಳಿ, ನಾಯಿ ಎಲ್ಲಿ?"