ಏಳು ಗಂಟಿನ ಚೀಲ

ಕಡಲೆಕಾಳಿಗಿಂತ ತುಸು ದಪ್ಪನೆಯ ಆಲೂಗಡ್ಡೆಯನ್ನು ನೀವು ನೋಡಿರಲಿಕ್ಕಿಲ್ಲ. ಗಂಗಾವತಿ ಹತ್ತಿರದ ನಮ್ಮ ಪ್ರಯೋಗಾಲಯದಲ್ಲಿ ಅವು ಮಣ್ಣಿಲ್ಲದೆ, ಬಾಟಲಿಯೊಳಗೆ, ಸಕ್ಕರೆ ಬೆರೆಸಿದ ಆಹಾರ ಉಂಡು ಕತ್ತಲಲ್ಲಿ ಬೆಳೆಯುತ್ತವೆ. ಬಾಟಲಿ ತೊಳೆಯುವವಳು ನಾನು, ಬೇವೂರಿನ ದ್ರಾಕ್ಷಾಯಿಣಿ. ನಮ್ಮ ಬಿಸಿಲಿಗೆ ತಾಳುವ ತಳಿ ಹುಡುಕುತ್ತಿದ್ದವರು ಹೇಮಾ ಮೇಡಂ. ಹತ್ತು ತಳಿಗಳಲ್ಲಿ ಏಳನೆಯದೊಂದೇ ಮೂರು ವರ್ಷದ ಪರೀಕ್ಷೆಯಲ್ಲಿ ಬಿಸಿಗೆ ಜಗ್ಗಿರಲಿಲ್ಲ.

ಆ ಗಡ್ಡೆಗಳನ್ನು ಮೊದಲ ಸಲ ಅಂಗೈಯಲ್ಲಿ ಹಿಡಿದಾಗ ಮುದಕಮ್ಮಜ್ಜಿ ನೆನಪಾದಳು. ಅವಳ ಒಲೆಯ ಮೇಲಿನ ತೊಲೆಗೆ ಬೀಜದ ಚೀಲಗಳು ತೂಗುತ್ತಿದ್ದವು. ಅಕ್ಷರ ಬರದ ಅಜ್ಜಿ ಚೀಲದ ದಾರಕ್ಕೆ ಗಂಟು ಹಾಕುತ್ತಿದ್ದಳು: ಬಿಳಿಜೋಳಕ್ಕೆ ಒಂದು, ಸಜ್ಜೆಗೆ ಎರಡು, ಹೆಸರಿಗೆ ಮೂರು. ಕಣ್ಣು ಹೋದ ಮೇಲೂ ಬೆರಳಲ್ಲೇ ಓದುತ್ತಿದ್ದಳು. ಪ್ರತಿ ಬೀಜದ ಒಂದು ಹಿಡಿ ಪಕ್ಕದ ಇಮಾಮಬಾನು ಮನೆಯಲ್ಲಿ ಇರಲೇಬೇಕು. "ಎಲ್ಲಾ ನಮ್ಮನ್ಯಾಗ ಇಟ್ಕೊಂಡ್ರ ಇಲಿ ಬಂದ್ ದಿನ ಏನ್ ಮಾಡ್ತಿ?" ಎನ್ನುತ್ತಿದ್ದಳು.

ಅಜ್ಜಿಯ ಮೊಮ್ಮಗಳಲ್ಲವೇ ನಾನು! ಯಾರನ್ನೂ ಕೇಳದೆ, ಫ್ರಿಜ್ಜಿನಲ್ಲಿ ತಳಿಗೊಂದರಂತೆ ಇಟ್ಟಿದ್ದ ಹತ್ತು ತಟ್ಟೆಗಳಿಂದ ಐದೈದು ಗಡ್ಡೆ ಮನೆಗೆ ಒಯ್ದೆ. ಅವಳದೆಂದು ಉಳಿದಿದ್ದ ಒಂದೇ ಇಳಕಲ್ ಸೀರೆ ಹರಿದು ಚೀಲ ಹೊಲಿದು, ಅದರ ಅಂಚನ್ನೇ ದಾರ ಮಾಡಿದೆ.

ಹೋದ ವಾರ ಫ್ರಿಜ್ ಕೆಟ್ಟು, ತಂಪು ಮಿತಿಮೀರಿ ಗಡ್ಡೆಗಳೆಲ್ಲ ಹೆಪ್ಪುಗಟ್ಟಿ ಮೆತ್ತಗಾದವು. ಗಡ್ಡೆ ಬಿಡುವ ಗಿಡಗಳಿದ್ದ ಬಾಟಲಿಗಳಿಗೆ ಮೊದಲೇ ಬೂಷ್ಟು ಬಂದಿತ್ತು. ಮೇಡಂ ನೆಲದ ಮೇಲೆ ಕುಸಿದು ಕುಳಿತರು.

"ಮೂರು ವರ್ಷ ಹೋತಲ್ಲಕ್ಕ. ಏಳನೇದು ಎಲ್ಲೂ ಉಳೀಲಿಲ್ಲ."

ನನ್ನ ನೌಕರಿ ಹೋದರೆ ಹೋಗಲಿ ಎಂದು ಬಾಯಿಬಿಟ್ಟೆ. ಅವರ ಮುಖ ಕೆಂಪಾಯಿತು.

"ಕೇಳದ ಹೆಂಗ ಒಯ್ದ್ರಿ? ಹೋಗ್ಲಿ, ಹೆಸರು ಬರ್ದೀರೇನು? ಯಾವ ತಳಿ ಅಂತ ಗೊತ್ತಿಲ್ಲಂದ್ರ ಅವು ಕಸ ಅಕ್ಕ, ಬರೇ ಕಸ!"

ಕಸವೆಂದದ್ದು ಎದೆಗೆ ನಾಟಿತು. ಮನೆಗೆ ಹೋಗಿ ಹತ್ತೂ ಚೀಲ ತಂದು ಮೇಜಿನ ಮೇಲೆ ಕುಕ್ಕಿದೆ.

"ಗಂಟು ಎಣಸ್ರಿ. ಏಳನೇ ತಟ್ಟೀದಕ್ಕ ಏಳು."

ಮೇಡಂ ಬೆರಳಾಡಿಸುತ್ತ ಎಣಿಸಿದರು. ಏಳಕ್ಕೆ ಬಂದು ನಿಂತು ಕತ್ತರಿಗೆ ಕೈ ಹಾಕಿದರು. ಕೈಮೇಲೆ ಪಟ್ಟನೆ ಹೊಡೆದೇಬಿಟ್ಟೆ.

"ಕತ್ತರಿಸಬ್ಯಾಡ್ರಿ! ನಮ್ಮಜ್ಜಿ ಸೀರಿ ಅದು."

ನಾನೇ ಬಿಚ್ಚಿದೆ. ಐದು ಗಡ್ಡೆ, ಐದೂ ಗಟ್ಟಿ. ಮೂರರಲ್ಲಿ ಬೆಳ್ಳಗೆ ಮೊಳಕೆ ಇಣುಕಿತ್ತು. ಮೇಡಂ ಮೊಳಕೆಯ ಮೂರನ್ನು ಎತ್ತಿಕೊಂಡು, ಉಳಿದೆರಡನ್ನು ಚೀಲದೊಳಗೇ ಇಟ್ಟು ನನ್ನ ಕೈಗೆ ಕೊಟ್ಟರು.

"ಗಂಟು ಹಾಕ್ರಿ ಅಕ್ಕ. ಇವು ನಿಮ್ಮನ್ಯಾಗ ಇರ್ಲಿ."

ಅಜ್ಜಿಯನ್ನು ನೆನೆದು ಅಳು ಬಂತು. ಐದನೆಯ ಗಂಟಿಗೇ ಎಣಿಕೆ ತಪ್ಪಿ, ಮತ್ತೆ ಮೊದಲಿನಿಂದ ಹಾಕಿದೆ.